ಗಾಡಿ ನಮ್ಮದು, ಪೈಪು ನಿಮ್ಮದು

ಭಾನುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈಯಲೇಬೇಕು ಅನಿಸಿದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ, ಆಗ ಇನ್ನೂ ಜಾಸ್ತಿ ಕಾರಣ ಸಿಗುತ್ತದೆ. ನೀನು ಕೇಳಿದ್ದು ಒಂದೇ ಮಾತು. ಜಂಟಿ ಸಮಿತಿಯ ಮೀಟಿಂಗಿನಲ್ಲಿ ನೀನು ಬೇಡ ಅನ್ನಬೇಡ ಕಣೋ, ಇವರ ಕೆಲಸ ಕಾಯಂ ಆಗುವುದು ಅದರ ಮೇಲೇ ನಿಂತಿದೆ ಎಂದು ಬರೆದಿದ್ದೆ. ಹೂಂ ಎಂದು ಬರೆದಿದ್ದರೆ ಸುಳ್ಳಾಗುತ್ತಿತ್ತು. ಉಹೂಂ ಎಂದಿದ್ದರೆ ನೀನು ಮುಂದಿನ ಬಸ್ಸಿಗೇ ಹತ್ತಿ ಬಂದುಬಿಡುತ್ತಿದ್ದೆ. ಅದಕ್ಕೇ ಮೀಟಿಂಗು ಮುಗಿಯಲಿ ಎಂದು ಕಾದೆ. ನಿನ್ನೆ ಮುಗಿಯಿತು. ಏನಾಯಿತು ಎನ್ನುವುದು ಇಷ್ಟು ಹೊತ್ತಿಗೆ ನಿಮ್ಮ ಮನೆಗೆ ತಲುಪಿರುತ್ತದೆ. ಆದರೂ ನನ್ನ ಬಾಯಿಂದ ಒಂದು ಸಲ ಕೇಳು.

ಮೊದಲು ಮನೆ ಸುದ್ದಿ. ಅಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಒಂಚೂರೂ ಸವೆದಿಲ್ಲ. ನಾನು ವಾರ್ಡ್ ಮೆಂಬರ್ ಆದಮೇಲೆ ಬೆಳಿಗ್ಗೆ ಎಬ್ಬಿಸುವಾಗ, ಸನ್ಮಾನ್ಯ ಸದಸ್ಯರು ಏಳಬೇಕು, ನಲ್ಲಿ ನಿಂತುಹೋಗುತ್ತೆ ಎನ್ನುತ್ತಾಳೆ. ಅಪ್ಪನ ಬಲಗೈ ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಡಾಕ್ಟರು ಮೆತ್ತನೆಯ ರಬ್ಬರ್ ಚೆಂಡೊಂದನ್ನು ಕೊಟ್ಟು ಹಿಸುಕುತ್ತಿರಿ ಎಂದಿದ್ದಾರೆ. ಮನೆ ಮುಂದಿನ ಬೆಂಚಿನ ಮೇಲೆ ಕೂತು, ರಸ್ತೆಯಾಚೆ ಸುಟ್ಟುಹೋದ ನಮ್ಮ ಹಾಸಿಗೆ ಅಂಗಡಿಯ ಜಾಗವನ್ನೇ ನೋಡುತ್ತ ಚೆಂಡು ಹಿಸುಕುತ್ತಿರುತ್ತಾರೆ. ಬೀದಿ ನಾಯಿಯೊಂದು ಆ ಚೆಂಡಿನ ಆಸೆಗೆ ಎದುರಿಗೇ ಕೂತಿರುತ್ತದೆ. ಇಬ್ಬರಿಗೂ ಬೇರೆ ಕೆಲಸವಿಲ್ಲ.

ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಕಿ ಬಿದ್ದ ದಿನದಿಂದ ನನ್ನ ಬಾಯಲ್ಲಿ 'ಭಾವ' ಎನ್ನುವ ಮಾತು ಬಂದಿಲ್ಲ. ಬರೆಯಲೂ ಕೈ ಬರುತ್ತಿಲ್ಲ. 'ನಿಮ್ಮ ಮನೆಯವರು' ಎಂದೇ ಬರೆಯುತ್ತೇನೆ. ಕಾಗದ ಮುಗಿಯುವುದರೊಳಗೆ ಕೈ ಬಂದರೂ ಬರಬಹುದು, ನೋಡೋಣ.

ನಾನು ಎಲೆಕ್ಷನ್ನಿಗೆ ಯಾಕೆ ನಿಂತೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಹತ್ತನೇ ಕ್ಲಾಸಿನ ಆಮೇಲೆ ನಾನು ಯಾವುದರಲ್ಲಿ ನಿಂತಿದ್ದೇನೆ ಹೇಳು. ಪಂಕ್ಚರ್ ಅಂಗಡಿ, ಟಾಕೀಸಿನ ಗೇಟು, ಲಾರಿ ಕ್ಲೀನರ್, ಎಲ್ಲವನ್ನೂ ಮುಟ್ಟಿ ಮುಟ್ಟಿ ಬಿಟ್ಟೆ. ಅಂಡು ಸುಟ್ಟ ಬೆಕ್ಕಿನ ಹಾಗೆ ಆಡ್ತಾನೆ ಎಂದು ಅಮ್ಮ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅಂಥವನು ಇದೊಂದಕ್ಕೆ ಕಚ್ಚಿಕೊಂಡು ನಿಂತೆ ಅಂದರೆ ಒಳಗೆ ಏನೋ ಉರಿಯುತ್ತಿರಬೇಕಲ್ಲ.

ಉರಿಯುತ್ತಿದ್ದದ್ದು ಇದು. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಬರೆದಾಗ ಇದರ ಹುಚ್ಚುತನ ಇನ್ನೂ ಚೆನ್ನಾಗಿ ಕಾಣಿಸುತ್ತದೆ. ನಿಮ್ಮ ಮೇಲಿನ ಊರು, ನಡುವೆ ನಮ್ಮೂರು, ಆಚೆ ಕೆಳಗಿನ ಊರು. ಮೂರರಲ್ಲಿ ಯಾರೊಬ್ಬರಿಗೂ ಒಂಟಿಯಾಗಿ ಫೈರ್ ಇಂಜಿನ್ ಕೊಳ್ಳುವ ಶಕ್ತಿ ಇರಲಿಲ್ಲ. ಸೇರಿ ಕೊಳ್ಳೋಣ ಎಂದರು. ಅಲ್ಲಿಯವರೆಗೆ ಬುದ್ಧಿ ಸರಿಯಾಗಿತ್ತು. ಆದರೆ ಒಂದೇ ಊರಲ್ಲಿ ಎಲ್ಲವನ್ನೂ ಇಟ್ಟರೆ ಆ ಊರಿನವರು ತಮ್ಮದೇ ಮಾಡಿಕೊಂಡುಬಿಡುತ್ತಾರೆ ಎಂದು ಮೂವರಿಗೂ ಭಯ. ಅದಕ್ಕೆ ಗಾಡಿಯನ್ನು ನಮ್ಮೂರು ಕೊಂಡಿತು, ಪೈಪುಗಳನ್ನು ನಿಮ್ಮೂರು, ಏಣಿಯನ್ನು ಕೆಳಗಿನ ಊರು. ಯಾರು ಕೊಂಡರೋ ಅವರ ಪುರಸಭೆಯಲ್ಲೇ, ಅವರ ಬೀಗದೊಳಗೇ ಅದು ಇರಬೇಕು. ಡೀಸೆಲ್ ಒಬ್ಬರದು, ಟೈರು ಇನ್ನೊಬ್ಬರದು, ಡ್ರೈವರ್ ಸಂಬಳ ಮತ್ತೊಬ್ಬರದು. ಟೈರು ಸವೆದಾಗ ಯಾವ ಊರಿನ ರಸ್ತೆಯಲ್ಲಿ ಸವೆಯಿತು ಎಂದು ಒಂದಿಡೀ ಮೀಟಿಂಗು ಕಿತ್ತಾಡಿದ್ದಾರಂತೆ. ಸೈರನ್ ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು ಎಂದು ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ಅದು ಕೆಟ್ಟದ್ದು ಕೆಟ್ಟೇ ಇತ್ತು, ಡ್ರೈವರ್ ದಾರಿಯುದ್ದಕ್ಕೂ ಹಾರ್ನ್ ಒತ್ತಿಕೊಂಡೇ ಹೋಗುತ್ತಿದ್ದ. ಅದಕ್ಕೇ ಅವನಿಗೆ ಹಾರ್ನ್ ಮಾಮ ಎನ್ನುವ ಹೆಸರು ಬಂದದ್ದು.

ಇದಕ್ಕೆಲ್ಲ ತಲೆಯಾಗಿ ಒಂದು ಜಂಟಿ ಸಮಿತಿ. ಪ್ರತಿ ಊರಿಗೆ ಒಂದು ಓಟು. ಮೂರರಲ್ಲಿ ಯಾವ ಊರು 'ಬೇಡ' ಎಂದರೂ ಠರಾವು ಅಲ್ಲಿಗೇ ಬಿದ್ದುಹೋಗುತ್ತದೆ. ಆ ಸಮಿತಿಯ ಕಾರ್ಯದರ್ಶಿ ನಿಮ್ಮ ಮನೆಯವರು. ಪೈಪು ಕೋಣೆಯ ಕೀಲಿಯೂ ಅವರ ಹತ್ತಿರವೇ. ಇಷ್ಟೆಲ್ಲ ಮಾಡಿಯೂ ಅವರ ಕೆಲಸ ಇನ್ನೂ ತಾತ್ಕಾಲಿಕ. ಯಾವ ಊರೂ ಅವರನ್ನು ತನ್ನ ನೌಕರ ಎಂದು ಒಪ್ಪಿಕೊಂಡಿರಲಿಲ್ಲ.

ನನಗೆ ಬೇಕಾಗಿದ್ದದ್ದು ಆ ಒಂದು 'ಬೇಡ'. ಅಷ್ಟೇ. ಅದಕ್ಕಾಗಿ ಮನೆಮನೆ ಸುತ್ತಿದೆ. ನನ್ನ ಹತ್ತಿರ ಭಾಷಣ ಇರಲಿಲ್ಲ. ನಿಮ್ಮ ಮನೆಗೆ ಬೆಂಕಿ ಬಿದ್ದರೆ ಪೈಪು ಎಲ್ಲಿದೆ ಗೊತ್ತಾ ಎಂದು ಕೇಳುತ್ತಿದ್ದೆ. ಮೂಲೆಮನೆ ಅಜ್ಜಿ, ನಮ್ಮ ಬಚ್ಚಲಲ್ಲಿದೆಯಪ್ಪ, ಆದರೆ ತೂತು ಬಿದ್ದಿದೆ ಎಂದಳು. ಗೆದ್ದೆ. ಜಂಟಿ ಸಮಿತಿಗೆ ನಮ್ಮೂರಿನಿಂದ ಒಬ್ಬ ಹೋಗಬೇಕಿತ್ತು. ಅಲ್ಲಿಯ ಟೀ ಕುಡಿಯಲಾಗುವುದಿಲ್ಲ, ಮಾತು ಮುಗಿಯುವುದಿಲ್ಲ ಎಂದು ಬೇರೆ ಯಾವ ಮೆಂಬರೂ ಮುಂದೆ ಬರಲಿಲ್ಲ. ನಾನು ಕೈ ಎತ್ತಿದೆ. ಹುಡುಗನಿಗೆ ಊರಿನ ಮೇಲೆ ಎಷ್ಟು ಕಾಳಜಿ ಎಂದು ಎಲ್ಲರೂ ಹೊಗಳಿದರು.

ಅವತ್ತಿನ ದಿನದ ಬಗ್ಗೆ ನೀನು ನಿಮ್ಮ ಮನೆಯವರಿಂದ ಕೇಳಿದ್ದೀಯ. ನನ್ನಿಂದ ಕೇಳಿಲ್ಲ. ಭಾನುವಾರ ಮಧ್ಯಾಹ್ನ. ಅಪ್ಪ ಹೊಸ ಹತ್ತಿ ಮೂಟೆ ಬಿಚ್ಚಿ ಅರಳೆ ಹರಡಿದ್ದರು. ಸ್ವಿಚ್ಚಿನ ಹತ್ತಿರ ಚಟ್ ಎಂದಿತಂತೆ, ಅಷ್ಟೇ. ಹತ್ತಿ ಉರಿಯುವುದನ್ನು ನೀನು ನೋಡಿಲ್ಲ. ಅದು ಜ್ವಾಲೆಯಾಗಿ ಏಳುವುದಕ್ಕಿಂತ ಮೊದಲು ನೆಲದ ಮೇಲೆ ಇಲಿಯ ಹಾಗೆ ಓಡುತ್ತದೆ. ನಾನು ಬಿಂದಿಗೆ ಹಿಡಿದು ರಸ್ತೆ ದಾಟುವುದರೊಳಗೆ ಬಾಗಿಲು ಕಾಣದ ಹಾಗೆ ಹೊಗೆ. ಪುರಸಭೆ ಅಂಗಳದಿಂದ ಹಾರ್ನ್ ಕೇಳಿಸಿತು. ಜನ, ಬಂತು ಬಂತು ಎಂದು ದಾರಿ ಬಿಟ್ಟರು. ಗಾಡಿ ಬಂದೇ ಬಂತು, ತೊಟ್ಟಿ ತುಂಬ ನೀರು ತುಳುಕುತ್ತಿತ್ತು. ಬಂದದ್ದು ನಮ್ಮೆದುರಿಗೇ ಭರ್ರೆಂದು ಹಾದು ಮೇಲಿನ ಊರಿನ ಕಡೆ ಹೋಗಿಬಿಟ್ಟಿತು. ಪೈಪು ತರಬೇಕಲ್ಲ! ಜನಕ್ಕೆ ಅದು ಗೊತ್ತಿಲ್ಲ. ಬೆಂಕಿ ನೋಡಿ ಹೆದರಿ ಓಡುತ್ತಿದ್ದಾನೆ ಎಂದು ಹಾರ್ನ್ ಮಾಮನಿಗೆ ಕಲ್ಲು ಹೊಡೆದರು. ಮುಂದಿನ ಗಾಜಿನ ಬಿರುಕು ಈಗಲೂ ಇದೆ. ಗಾಜು ಯಾವ ಊರಿನ ಖರ್ಚು ಎಂದು ಇನ್ನೂ ತೀರ್ಮಾನವಾಗಿಲ್ಲ.

ಅಪ್ಪ ಹೊಲಿಗೆ ಮಿಷನ್ ತರುತ್ತೇನೆ ಎಂದು ಒಳಗೆ ನುಗ್ಗಿದರು. ಗಾಡಿ ಈಗ ಬರುತ್ತೆ, ಈಗ ಬರುತ್ತೆ ಎಂದು ನಾವು ಕೂಗುತ್ತಿದ್ದದ್ದನ್ನು ಕೇಳಿಯೇ ಅವರು ಧೈರ್ಯ ಮಾಡಿದ್ದು. ಅದನ್ನು ನಾನು ಮರೆಯುವುದಿಲ್ಲ. ಮಿಷನ್ನು ಬಾಗಿಲವರೆಗೂ ಬಂತು. ಕಾದ ಕಬ್ಬಿಣವನ್ನು ಬಿಡದೆ ಹಿಡಿದಿದ್ದ ಬಲಗೈಯನ್ನು ನಾನೇ ಬಿಡಿಸಿದೆ. ಗಾಡಿ ವಾಪಸ್ ಬಂದಾಗ ಆರಿಸಲು ಉಳಿದಿದ್ದದ್ದು ಗೋಡೆ ಮಾತ್ರ. ಅದನ್ನು ಚೆನ್ನಾಗಿ ತೋಯಿಸಿದರು.

ಆಮೇಲೆ ವಿಚಾರಣೆ. ಗಾಡಿ ಹೋಗಿ ಬರಲು ಯಾಕೆ ಅಷ್ಟು ಹೊತ್ತಾಯಿತು ಎಂಬ ಪ್ರಶ್ನೆ. ನಿಮ್ಮ ಮನೆಯವರು ಎದ್ದು ನಿಂತರು. ಅಪ್ಪ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಎದುರಿಗೇ ಕೂತಿದ್ದರು. ನಿಮ್ಮ ಮನೆಯವರು ಅಪ್ಪನ ಮುಖ ನೋಡದೆ, ಗೋಡೆಗೆ ಹೇಳುವವರ ಹಾಗೆ ಹೇಳಿದರು: "ಕೀಲಿ ನನ್ನ ಜೇಬಲ್ಲೇ ಇತ್ತು. ಅಧ್ಯಕ್ಷರ ಸಹಿ ಇಲ್ಲದೆ ಪೈಪು ಕೊಡೋ ಅಧಿಕಾರ ನನಗಿಲ್ಲ. ಸಹಿ ಆದ್ಮೇಲೆ ಕೊಟ್ಟೆ."

ಜೇಬಲ್ಲೇ ಇತ್ತಂತೆ. ಸ್ವಂತ ಮಾವನ ಅಂಗಡಿ ಉರಿಯುತ್ತಿರುವಾಗ ಸಹಿ ಕಾದರಂತೆ. ನಿಯಮ ಪಾಲಿಸಿದ್ದಾರೆ ಎಂದು ಬರೆದುಕೊಂಡು ಎಲ್ಲರೂ ಎದ್ದು ಹೋದರು. ಅಪ್ಪ ಮಾತ್ರ, ಹೋಗಲಿ ಬಿಡೋ, ಅವನೇನು ಬೆಂಕಿ ಹಚ್ಚಿದನಾ ಎಂದರು. ನನ್ನ ಕಿವಿಯಲ್ಲಿ ಉಳಿದದ್ದು ಆ 'ಅಧಿಕಾರ ನನಗಿಲ್ಲ' ಒಂದೇ. ಹಲ್ಲು ನೋವಿನ ಹಾಗೆ ಅದು ನನ್ನ ಜೊತೆಗೇ ಇತ್ತು. ಊಟ ಮಾಡುವಾಗ ಇತ್ತು, ಲಾರಿ ತೊಳೆಯುವಾಗ ಇತ್ತು. ನೀನು ನನಗೆ ಒಂದು ನೀಲಿ ಅಂಗಿ ಕಳಿಸಿದೆಯಲ್ಲ, ಅದನ್ನು ನಾನು ಒಂದು ದಿನವೂ ಹಾಕಲಿಲ್ಲ. ಆ ಮನೆಯ ದುಡಿಮೆಯ ಬಟ್ಟೆ ಮೈಮೇಲೆ ಬೇಡ ಎಂದು ಹಾರ್ನ್ ಮಾಮನಿಗೆ ಗಾಡಿ ಒರೆಸಲು ಕೊಟ್ಟುಬಿಟ್ಟೆ. ನಿನಗೆ ಬೇಜಾರಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಈಗ ನಿನ್ನೆಯ ಮೀಟಿಂಗು.

ವಿಷಯ ಒಂದೇ ಇತ್ತು. ಅಪ್ಪನ ಅಂಗಡಿ ಸುಟ್ಟಮೇಲೆ ಮೂರೂ ಊರಿಗೆ ಸ್ವಲ್ಪ ನಾಚಿಕೆ ಬಂದು, ಗಾಡಿ, ಪೈಪು, ಏಣಿ ಎಲ್ಲವನ್ನೂ ಒಂದೇ ಶೆಡ್ಡಿನಲ್ಲಿ ಇಡುವುದು, ಒಟ್ಟು ಖರ್ಚನ್ನು ಊರಿನ ಮನೆಗಳ ಲೆಕ್ಕದಲ್ಲಿ ಹಂಚಿಕೊಳ್ಳುವುದು, ಮೂರೂ ಊರಿನ ನೌಕರನಾಗಿ ಒಬ್ಬ ಕಾಯಂ ಮೇಲ್ವಿಚಾರಕನನ್ನು ಇಡುವುದು ಎಂದು ಠರಾವು ತಂದಿದ್ದರು. ಶೆಡ್ಡು ನಿಮ್ಮೂರ ಪುರಸಭೆಯ ಪಕ್ಕದಲ್ಲಿ. ಮೇಲ್ವಿಚಾರಕರು ನಿಮ್ಮ ಮನೆಯವರು.

ಅರ್ಥವಾಯಿತಾ ನನ್ನ ಕಷ್ಟ? ನಾನು 'ಬೇಡ' ಎಂದರೆ ನಿಮ್ಮ ಮನೆಯವರ ಕಾಯಂ ಕೆಲಸ ಬೀದಿಗೆ ಬೀಳುತ್ತದೆ. ಅದು ನನಗೆ ಬೇಕಿತ್ತು. ಆದರೆ ಜೊತೆಗೆ ಶೆಡ್ಡೂ ಬೀಳುತ್ತದೆ. ಪೈಪು ಮತ್ತೆ ನಿಮ್ಮೂರಲ್ಲಿ, ಗಾಡಿ ಮತ್ತೆ ನಮ್ಮೂರಲ್ಲಿ. ಇನ್ನೊಬ್ಬರ ಮನೆ ಉರಿಯುವಾಗ ಅದು ಮತ್ತೆ ಅವರೆದುರಿಗೇ ಹಾದು ಹೋಗುತ್ತದೆ. ಹಾಗಿದ್ದೂ ನಾನು ಬೇಡ ಎನ್ನುವವನೇ ಇದ್ದೆ. ಊರು ಉರಿದರೆ ಉರಿಯಲಿ, ಮೊದಲು ಇವರು ಉರಿಯಲಿ ಅಂತಲೇ ಇತ್ತು ನನಗೆ. ಹೋದ ವಾರದವರೆಗೂ ಹಾಗೇ ಇತ್ತು. ಅಷ್ಟರಲ್ಲಿ ಒಂದು ವಿಷಯ ಗೊತ್ತಾಗಿ ಲೆಕ್ಕ ಬದಲಾಯಿತು. ಅದೇನೆಂದು ಕಡೆಗೆ ಹೇಳುತ್ತೇನೆ.

ಮೀಟಿಂಗು ನಿಮ್ಮೂರ ಪುರಸಭೆಯ ಮೇಲಿನ ಕೋಣೆಯಲ್ಲಿ. ಫ್ಯಾನ್ ಕೆಳಗಿನ ಕುರ್ಚಿಯಲ್ಲಿ ನಿಮ್ಮೂರ ಅಧ್ಯಕ್ಷರು ಕೂತಿದ್ದರು. ಅದು ಯಾವಾಗಲೂ ಅವರದೇ. ಕೆಳಗಿನ ಊರಿನ ಅಧ್ಯಕ್ಷರು, ಅದೇ ಆ ಔಷಧಿ ಅಂಗಡಿಯವರು, ಬೆವರು ಒರೆಸಿಕೊಳ್ಳುತ್ತ ನಮ್ಮ ಏಣಿ ಎಷ್ಟು ಒಳ್ಳೆಯದು, ಒಂದು ದಿನವೂ ಕೆಟ್ಟಿಲ್ಲ ಎಂದು ಹೇಳುತ್ತಿದ್ದರು. ಅದನ್ನು ಒಂದು ದಿನವೂ ಉಪಯೋಗಿಸಿಲ್ಲವಲ್ಲ, ಹೇಗೆ ಕೆಡುತ್ತದೆ ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಕಿಟಕಿ ಪಕ್ಕದ ಚಿಕ್ಕ ಮೇಜಿನಲ್ಲಿ ನಿಮ್ಮ ಮನೆಯವರು ನಡಾವಳಿ ಬರೆಯಲು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ. ನೀನೇ ಮಾಡಿರುತ್ತೀಯ. ಅವರು ನಗಲಿಲ್ಲ.

ಠರಾವು ಓದಿದರು. ಕೆಳಗಿನ ಊರು ಒಪ್ಪಿತು. ಮೇಲಿನ ಊರು ಒಪ್ಪಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎಲೆಕ್ಷನ್ನಿನಲ್ಲಿ ಏನು ಕೂಗಿ ಗೆದ್ದೆ ಎನ್ನುವುದು ಎಲ್ಲರಿಗೂ ಗೊತ್ತು. ನಿಮ್ಮ ಮನೆಯವರು ಪೆನ್ನಿನ ತುದಿಯನ್ನು ಕಾಗದಕ್ಕೆ ಒತ್ತಿಕೊಂಡೇ ಇದ್ದರು, ಅಲ್ಲೊಂದು ಮಸಿ ಚುಕ್ಕೆ ದೊಡ್ಡದಾಗುತ್ತಿತ್ತು. ಆ ಚುಕ್ಕೆ ಇನ್ನೂ ಸ್ವಲ್ಪ ದೊಡ್ಡದಾಗಲಿ ಎಂದು ನಾನು ಗ್ಲಾಸು ಎತ್ತಿ ನಿಧಾನಕ್ಕೆ ನೀರು ಕುಡಿದೆ.

ಆಮೇಲೆ, ನಮ್ಮೂರಿಗೂ ಒಪ್ಪಿಗೆ ಇದೆ, ಆದರೆ ಷರತ್ತಿದೆ ಎಂದೆ.

ಮೊದಲನೆಯದು, ಶೆಡ್ಡು ಮೇಲಿನ ಊರಲ್ಲಿ ಬೇಡ. ನಡುವೆ ಇರುವುದು ನಮ್ಮೂರು, ಎರಡೂ ಕಡೆಗೆ ಹತ್ತಿರ. ಅಪ್ಪನ ಅಂಗಡಿ ಇದ್ದ ಜಾಗ ಪುರಸಭೆಯದೇ, ಈಗ ಖಾಲಿ ಬಿದ್ದಿದೆ. ಅಲ್ಲೇ ಕಟ್ಟಬೇಕು. ನಿಮ್ಮ ಅಧ್ಯಕ್ಷರ ಮುಖ ಗಂಟಾಯಿತು. ಇದೇನು ನಿಮ್ಮ ಮನೆ ಬಾಗಿಲಿಗೇ ತಗೊಂಡು ಹೋಗ್ತಿದೀರಲ್ಲ ಮೆಂಬರ್ರೇ ಎಂದರು. ಹಾಗಾದರೆ ಬೇಡ ಎಂದು ಬರೆಸಿಬಿಡಲೇ ಎಂದೆ. ಔಷಧಿ ಅಂಗಡಿಯವರು, ಹುಡುಗ ಹೇಳೋದ್ರಲ್ಲಿ ನ್ಯಾಯ ಇದೆ, ನಮಗೂ ಹತ್ತಿರ ಎಂದರು. ನಿಮ್ಮ ಅಧ್ಯಕ್ಷರು, ಸರಿ ಬರ್ಕೊಳ್ಳಿ ಎಂದು ಕೈ ಬೀಸಿದರು.

ಎರಡನೆಯದು, ಮೇಲ್ವಿಚಾರಕರು ಶೆಡ್ಡಿಗೆ ಅಂಟಿಕೊಂಡ ಕ್ವಾರ್ಟರ್ಸಿನಲ್ಲೇ, ಸಂಸಾರ ಸಮೇತ ವಾಸ ಮಾಡಬೇಕು. ಬೆಂಕಿ ಆಫೀಸ್ ಟೈಮ್ ನೋಡಿಕೊಂಡು ಬೀಳುವುದಿಲ್ಲ. ಇದಕ್ಕೆ ಯಾರದೂ ತಕರಾರಿರಲಿಲ್ಲ. ನಿಮ್ಮ ಮನೆಯವರು ತಲೆ ಬಗ್ಗಿಸಿ ಬರೆದುಕೊಂಡರು. ನಾನು ಏನು ಮಾಡುತ್ತಿದ್ದೇನೆ ಎನ್ನುವುದು ಅವರಿಗೆ ಆಗಲೇ ಗೊತ್ತಾಗಿತ್ತು. ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಬೆಂಚು, ಬೆಂಚಿನ ಮೇಲೆ ಅಪ್ಪ, ಅಪ್ಪನ ಕೈಯಲ್ಲಿ ಆ ಚೆಂಡು. ರಜೆಯ ದಿನವೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಕಾಯಂ ಕೆಲಸ ಕೇಳಿದ್ದರಲ್ಲ, ಕಾಯಂ ಆಗಿಯೇ ಕೊಟ್ಟೆ.

ಮೂರನೆಯದನ್ನು ಒಂದೊಂದೇ ಮಾತು ಬಿಡಿಸಿ ಹೇಳಿದೆ, ಬರೆದುಕೊಳ್ಳಲು ಅವರಿಗೆ ಅನುಕೂಲವಾಗಲಿ ಎಂದು. "ಪೈಪಿನ ಹಿತ್ತಾಳೆ ಮೂತಿ ಕಳುವಾಗುತ್ತೆ ಅಂತ ಬೀಗ ಹಾಕ್ತೀರಿ, ಹಾಕಿ. ಆದರೆ ಕೀಲಿ ಕ್ವಾರ್ಟರ್ಸಿನ ಬಾಗಿಲ ಪಕ್ಕದಲ್ಲೇ ಮೊಳೆಗೆ ನೇತಾಕಿರಬೇಕು. ಬೆಂಕಿ ಅಂತ ಯಾರು ಬಂದು ಕೇಳಿದ್ರೂ, ಯಾರ ಸಹಿನೂ ಕೇಳದೆ ಕೊಡಬೇಕು. ಮನೇಲಿ ಯಾರಿದ್ರೂ ಕೊಡಬೇಕು."

ಮನೇಲಿ ಯಾರಿದ್ರೂ ಎಂದಾಗ ನಿಮ್ಮ ಮನೆಯವರ ಪೆನ್ನು ನಿಂತಿತು. ಬೆಂಕಿ ಬಿದ್ದ ದಿನದಿಂದ ನನ್ನ ಮುಖ ನೋಡದೆ ಇದ್ದವರು ನಿನ್ನೆ ಮೊದಲ ಸಲ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಅಧ್ಯಕ್ಷರು, ಬರ್ಕೊಳ್ರೀ ಕಾರ್ಯದರ್ಶಿಗಳೇ, ಏನು ಕನಸು ಕಾಣ್ತಿದೀರ ಎಂದು ಗದರಿದರು. ಬರೆದುಕೊಂಡರು. ಮೂರೂ ಊರು ಸಹಿ ಹಾಕಿದವು.

ಟೀ ನಿಜವಾಗಲೂ ಕುಡಿಯಲಾಗುವುದಿಲ್ಲ. ಅರ್ಧಕ್ಕೇ ಬಿಟ್ಟು ಹೊರಟೆ. ಮೆಟ್ಟಿಲಿನ ತಿರುವಿನಲ್ಲಿ ನಿಮ್ಮ ಮನೆಯವರು ಹಿಂದಿನಿಂದ ಬಂದು ನನ್ನ ತೋಳು ಹಿಡಿದುಕೊಂಡರು.

"ಕೊನೇ ಸಾಲು ತೆಗೆಸಿಬಿಡಪ್ಪ," ಎಂದರು. "ಉಳಿದಿದ್ದೆಲ್ಲ ಹಾಗೇ ಇರಲಿ. ನಿಮ್ಮಪ್ಪನ ಎದುರು ನನ್ನನ್ನ ಎಷ್ಟು ವರ್ಷ ಬೇಕಾದ್ರೂ ಕೂರಿಸು, ಕೂರ್ತೀನಿ. ಆ ಕೊನೇ ಸಾಲು ಬೇಡ. ಅವಳು ಓದ್ತಾಳೆ."

ನಾನು ಈ ಗಳಿಗೆಗೆ ಎಷ್ಟು ದಿನ ಕಾದಿದ್ದೆ ಗೊತ್ತಾ ಅಕ್ಕ? ಬಾಯಲ್ಲಿ ಮಾತು ತಯಾರಾಗಿಯೇ ಇತ್ತು. ಅವರದೇ ಮಾತು.

"ಠರಾವು ಆಗಿಹೋಯ್ತು," ಎಂದೆ. "ಸಹಿ ಇಲ್ಲದೆ ಬದಲಾಯಿಸೋ ಅಧಿಕಾರ ನನಗಿಲ್ಲ."

ತೋಳು ಬಿಟ್ಟರು. ನಾನು ಮೆಟ್ಟಿಲಿಳಿದು ಬಂದೆ. ಬೀದಿಯಲ್ಲಿ ಬಿಸಿಲು ಇತ್ತು, ಐಸ್‌ಕ್ರೀಮ್ ಗಾಡಿಯವನು ಗಂಟೆ ಬಾರಿಸುತ್ತಿದ್ದ. ಒಂದು ತಿನ್ನೋಣ ಎನಿಸಿತು. ಕೊಂಡೆ. ಅರ್ಧ ತಿಂದು ಉಳಿದದ್ದನ್ನು ಚರಂಡಿಗೆ ಹಾಕಿದೆ. ಗೆದ್ದವನಿಗೆ ಯಾಕೆ ಹೀಗಾಗುತ್ತದೋ ನನಗೆ ಗೊತ್ತಿಲ್ಲ. ಆದರೆ ನಾನು ಗೆದ್ದಿದ್ದೇನೆ, ಅದರಲ್ಲಿ ಅನುಮಾನ ಇಟ್ಟುಕೊಳ್ಳಬೇಡ.

ಮನೆಗೆ ಬಂದು ಹೇಳಿದಾಗ ಅಮ್ಮ ಪಾತ್ರೆ ಕೆಳಗಿಟ್ಟು, ನಿಜವಾಗಲೂ ಎದುರುಮನೆಗೇ ಬರ್ತಾಳಾ ಎಂದು ಮತ್ತೆ ಮತ್ತೆ ಕೇಳಿದಳು. ಈಗಿನಿಂದಲೇ ಯಾವ ಕಿಟಕಿಗೆ ಯಾವ ಪರದೆ ಎಂದು ಶುರುಮಾಡಿದ್ದಾಳೆ, ಅಲ್ಲಿ ಇನ್ನೂ ಗೋಡೆಯೇ ಎದ್ದಿಲ್ಲ. ಅಪ್ಪ ಮಾತ್ರ ಚೆಂಡು ಹಿಸುಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತ, "ಮಗಳನ್ನ ಹತ್ತಿರ ತಂದ್ಯೋ, ಅಳಿಯನ ಮೇಲೆ ಸೇಡು ತೀರಿಸಿಕೊಂಡ್ಯೋ?" ಎಂದು ಕೇಳಿದರು.

ಎರಡೂ ಒಂದೇ ಖರ್ಚಿನಲ್ಲಿ ಆಯಿತು ಎಂದೆ. ಅವರಿಗೆ ನಗು ಬರಲಿಲ್ಲ. ಚೆಂಡನ್ನು ಬೆಂಚಿನ ಮೇಲಿಟ್ಟು, ಕ್ವಾರ್ಟರ್ಸಿನ ಕೋಣೆ ಎಷ್ಟು ಉದ್ದ, ಎಷ್ಟು ಅಗಲ ಕಟ್ಟುತ್ತಾರೆ ಎಂದು ಕೇಳಿದರು. ಯಾಕೆ ಎಂದೆ. ಮಗಳು ಹೊಸ ಮನೆಗೆ ಬರುತ್ತಾಳೆ, ಹಾಸಿಗೆ ಬೇಡವಾ ಎಂದರು. ಇವತ್ತು ಬೆಳಿಗ್ಗೆ ಎದ್ದು ನೋಡುತ್ತೇನೆ, ಅಪ್ಪ ಎಲ್ಲಿಂದಲೋ ಒಂದು ದಬ್ಬಳ ಹುಡುಕಿ ತಂದು ಎಡಗೈಯಲ್ಲಿ ಹಿಡಿದು ಹಳೇ ಗೋಣಿಯ ಮೇಲೆ ಹೊಲಿಗೆ ಅಭ್ಯಾಸ ಮಾಡುತ್ತಿದ್ದಾರೆ. ಹೊಲಿಗೆ ಅಡ್ಡಾದಿಡ್ಡಿ, ಕುಡಿದವನು ನಡೆದ ಹಾಗೆ. ಎರಡು ಸಲ ಬೆರಳಿಗೆ ಚುಚ್ಚಿಕೊಂಡರು. ಆ ಕೈಯಲ್ಲಿ ನಿನಗೆ ಹಾಸಿಗೆ ಹೊಲಿಯುತ್ತಾರಂತೆ. ಅದರ ಮೇಲೆ ನೀನು ಮಲಗಬೇಕು ಅಕ್ಕ. ನೆನಪಿರಲಿ.

ಇನ್ನೇನು ಬರೆಯಲಿ. ಶೆಡ್ಡಿನ ಪಾಯ ಮುಂದಿನ ತಿಂಗಳು ತೋಡುತ್ತಾರೆ. ಸೈರನ್ ರಿಪೇರಿ ಮಾಡಿಸಲು ಒಪ್ಪಿಗೆ ಸಿಕ್ಕಿದೆ. ಹಾರ್ನ್ ಮಾಮನಿಗೆ ಬೇಜಾರು, ಇನ್ನು ನನ್ನನ್ನ ಏನಂತ ಕರೀತೀರೋ ಎನ್ನುತ್ತಾನೆ. ಅಪ್ಪ ಅಮ್ಮ ನಿನಗೆ ತುಂಬು ಮನಸ್ಸಿನ ಆಶೀರ್ವಾದ ತಿಳಿಸಿದ್ದಾರೆ. ಅಮ್ಮನದು ಯಾವಾಗಲೂ ಇರುವಂಥದ್ದು, ಹೊಟ್ಟೆ ತುಂಬ ಉಣ್ಣಲಿ, ಕಣ್ತುಂಬ ನಿದ್ದೆ ಮಾಡಲಿ ಎಂದು. ನನಗಿಂತ ದೊಡ್ಡವಳಾದ್ದರಿಂದ ನಾನು ನಿನ್ನನ್ನು ಹರಸುವ ಹಾಗಿಲ್ಲ. ಆ ನಿದ್ದೆಯ ವಿಷಯದಲ್ಲಿ ನನ್ನ ಆಸೆ ಬೇರೆ ಇದೆ ಎಂದಷ್ಟೇ ಹೇಳುತ್ತೇನೆ.

ಇಂತಿ,
ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ. ಹೋದ ವಾರ ಏನು ಗೊತ್ತಾಯಿತು ಎಂದು ಕಡೆಗೆ ಹೇಳುತ್ತೇನೆ ಎಂದಿದ್ದೆನಲ್ಲ, ಅದು.

ಬೆಳಿಗ್ಗೆ ಪುರಸಭೆ ಅಂಗಳದಲ್ಲಿ ಹಾರ್ನ್ ಮಾಮ ಗಾಡಿ ಒರೆಸುತ್ತಿದ್ದ. ನೀನು ಕಳಿಸಿದ ನೀಲಿ ಅಂಗಿಯಲ್ಲಿ. ಇಷ್ಟು ಒಳ್ಳೆ ಬಟ್ಟೆ ಯಾಕೋ ಹೀಗೆ ಹಾಳು ಮಾಡಿದೆ, ಯಾರು ಕೊಟ್ಟದ್ದು ಎಂದ. ಅಕ್ಕ ಎಂದೆ. ಯಾಕೆ ಬೇಡ ಎನ್ನುವುದನ್ನೂ ಹೇಳಿದೆ, ಬರುವ ಮೀಟಿಂಗಿನಲ್ಲಿ ಅವಳ ಗಂಡನಿಗೆ ಏನು ಕಾದಿದೆ ಎನ್ನುವುದನ್ನೂ ಹೇಳಿದೆ. ಮಾಮ ಒರೆಸುವುದನ್ನು ನಿಲ್ಲಿಸಿಬಿಟ್ಟ. ಅಂಗಿಯನ್ನು ಹಿಂಡಿ, ಕೊಡವಿ, ಹೆಂಗಸರು ಮಡಚುವ ಹಾಗೆ ನೀಟಾಗಿ ಮಡಚಿ ಗಾಡಿಯ ಮೆಟ್ಟಿಲ ಮೇಲೆ ಇಟ್ಟ. ಆಮೇಲೆ, "ನೀನು ತಪ್ಪಾದ ಮನುಷ್ಯನ್ನ ಸುಡ್ತಿದೀಯ," ಎಂದ.

ಅವತ್ತು ಅವನು ಮೊದಲು ಬಂದದ್ದು ನಿಮ್ಮ ಮನೆಗಂತೆ. ನೀನೇ ಬಾಗಿಲು ತೆಗೆದೆಯಂತೆ. ಕೀಲಿ ಯಾರ ಜೇಬಲ್ಲೂ ಇರಲಿಲ್ಲ. ನಿನ್ನ ಬೆನ್ನ ಹಿಂದೆ, ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿತ್ತು. ಅವನಿಗೆ ಕಾಣಿಸುತ್ತಿತ್ತು. ಹಾಸಿಗೆ ಅಂಗಡಿಗೆ ಬೆಂಕಿ ಬಿದ್ದಿದೆಯಮ್ಮ, ಕೀಲಿ ಕೊಡಿ ಎಂದನಂತೆ. ನೀನು ಹೇಳಿದೆಯಂತೆ: "ಅವರನ್ನ ಕೇಳದೆ ಕೊಟ್ಟರೆ ಅವರ ಕೆಲಸಕ್ಕೆ ಕುತ್ತು ಬರುತ್ತೆ. ಅಧ್ಯಕ್ಷರ ಮನೇಲಿದ್ದಾರೆ. ಸಹಿ ಮಾಡಿಸ್ಕೊಂಡು ಬನ್ನಿ."

ಅವನು ಅಧ್ಯಕ್ಷರ ಮನೆಗೆ ಗಾಡಿ ತಿರುಗಿಸಿದ. ಭಾವ ವಿಷಯ ಕೇಳಿದವರೇ ಸಹಿ ಗಿಹಿ ಏನೂ ಕಾಯದೆ, ಕಾಲಿಗೆ ಚಪ್ಪಲಿಯೂ ಇಲ್ಲದೆ ಓಡಿ ಬಂದು ಮನೆಯಿಂದ ಕೀಲಿ ತಂದರಂತೆ. ನಿಯಮ ಮುರಿದದ್ದು ಅವರು, ಕಾಗದದ ಮೇಲೆ ಸಹಿ ಬಿದ್ದದ್ದು ಆಮೇಲೆ. ವಿಚಾರಣೆಯ ಹಿಂದಿನ ದಿನ ಹಾರ್ನ್ ಮಾಮನ ಕೈ ಹಿಡಿದು, ಕೀಲಿ ನನ್ನ ಜೇಬಲ್ಲಿತ್ತು ಅಂತಲೇ ಇರಲಿ, ಅವಳ ಹೆಸರು ಬರೋದು ಬೇಡ ಎಂದು ಬೇಡಿಕೊಂಡರಂತೆ. ಆಮೇಲೆ ನನ್ನ ಹಲ್ಲು ಕಡಿತವನ್ನೆಲ್ಲ ತುಟಿ ಬಿಚ್ಚದೆ ತಿಂದರು. ನೋಡು, ಭಾವ ಎಂದು ಬರೆದೇಬಿಟ್ಟೆ, ಕೈ ಬಂತು.

ಅಕ್ಕ, ನಮ್ಮೂರಲ್ಲಿ ಹಾಸಿಗೆ ಅಂಗಡಿ ಇರುವುದು ಒಂದೇ.

ಅಪ್ಪನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಭಾವನೂ ಹೇಳುವುದಿಲ್ಲ. ಹೇಳುವುದಿದ್ದರೆ ನೀನೇ ಹೇಳಬೇಕು, ರಸ್ತೆ ದಾಟಿ ಬಂದು, ಆ ಬೆಂಚಿನ ಮೇಲೆ ಅವರ ಪಕ್ಕ ಕೂತು. ಅಲ್ಲಿಯವರೆಗೆ ದಿನಾ ಬಾಗಿಲು ತೆಗೆ, ದಿನಾ ಅವರ ಕೈ ನೋಡು. ಕ್ವಾರ್ಟರ್ಸು ಕೇಳಿದ್ದು ಭಾವನಿಗಾಗಿ ಅಲ್ಲ.

ಸಾಮಾನು ಕಟ್ಟಿಕೊಂಡು ಬರುವಾಗ ಕೀಲಿಗೆಂದು ಮೊಳೆ ತರಬೇಡ. ಬಾಗಿಲ ಪಕ್ಕದಲ್ಲಿ ನಾನೇ ಹೊಡೆದಿಟ್ಟಿರುತ್ತೇನೆ.